ಹೊಳಬಸಪ್ಪನವರ ಇಂಜೆಕ್ಷನ್ ವಿದ್ಯೆ

ಪುಣೆಯ ಕಾತ್ರಜದಲ್ಲಿ ಹಾವುಗಳನ್ನು ಸಾಕಿ ಜನರಿಗೆ ತೋರಿಸುವ ಉದ್ಯಾನವೊಂದಿದೆ. ಆ ಉದ್ಯಾನದ ಕಾಂಪೌಂಡಿಗೆ ಬೆನ್ನು ಮಾಡಿರುವ ಕಟ್ಟಡವೇ ಬೇಕೆಂದು ಒಂದು ಹಟ, ಅದರಲ್ಲೂ ಮೂರನೇ ಮಹಡಿಯೇ ಬೇಕೆಂದು ಇನ್ನೊಂದು ಹಟ ಹಿಡಿದು ಫ್ಲ್ಯಾಟು ಕೊಂಡವರು ಹೊಳಬಸಪ್ಪನವರು. ಹಾವು ಮೆಟ್ಟಿಲು ಹತ್ತುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಹತ್ತುತ್ತದೆ ಎಂದು ಇನ್ಯಾರೋ ಹೇಳುವಷ್ಟರಲ್ಲಿ ಮನೆ ಅವರ ಹೆಸರಿಗೆ ಆಗಿಹೋಗಿತ್ತು.

ಅವರನ್ನು ಹೇಡಿ ಎಂದು ಕರೆದರೆ ತಪ್ಪಾಗುತ್ತದೆ. ಹೇಡಿಯಾದವನು ಅಪಾಯ ಬಂದ ಮೇಲೆ ಓಡುತ್ತಾನೆ. ಹೊಳಬಸಪ್ಪನವರು ಅಪಾಯ ಬರುವ ಮುಂಚೆಯೇ ಹೋಗಿ ಸುರಕ್ಷಿತ ಜಾಗ ಹಿಡಿದು ಕೂತಿರುತ್ತಿದ್ದರು. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುವ ಮುಂಚೆ ಒಂದು ಸಣ್ಣ ಸುಸುಗುಟ್ಟುವ ಸದ್ದು ಮಾಡುತ್ತದಲ್ಲ, ಅದು ಹೆಂಡತಿ ರೇಣುವಿಗೆ ಒಲೆಯ ಪಕ್ಕದಲ್ಲಿ ನಿಂತರೂ ಕೇಳುತ್ತಿರಲಿಲ್ಲ. ಇವರು ಪಡಸಾಲೆಯಿಂದ ಎದ್ದು ಬಾಲ್ಕನಿಗೆ ಹೋಗಿರುತ್ತಿದ್ದರು. ಲಿಫ್ಟು, ಪೊಲೀಸ್ ವ್ಯಾನು, ಮೇಲಧಿಕಾರಿಯ ಫೋನು, ಫ್ಯಾನಿನ ಕಿರ್ರೆನ್ನುವ ಸದ್ದು, ಎಲ್ಲಕ್ಕೂ ಅವರು ಭೇದಭಾವವಿಲ್ಲದೆ ಹೆದರುತ್ತಿದ್ದರು.

ಗದಗದ ಕಡೆಯಿಂದ ಬಂದು ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ನೌಕರಿ ಹಿಡಿದವರು ಅಲ್ಲೇ ತಲೆ ನರೆಸಿಕೊಂಡಿದ್ದರು. ಕಾರ್ಖಾನೆಯಲ್ಲಿ ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಇಂಜೆಕ್ಷನ್ ಪಂಪುಗಳು ತಯಾರಾಗುತ್ತಿದ್ದವು. ಹೊಳಬಸಪ್ಪನವರು ಡಿಸ್ಪ್ಯಾಚ್ ವಿಭಾಗದಲ್ಲಿ ಕೂತು, ಆ ಪಂಪುಗಳು ಯಾವ ಊರಿಗೆ ಹೋಗಬೇಕೆಂದು ಚಲನ್ ಬರೆಯುತ್ತಿದ್ದರು. ಪಂಪು ತಯಾರಾಗುವ ಶೆಡ್ಡಿನೊಳಗೆ ಹೋಗಿದ್ದು ನೌಕರಿ ಸೇರಿದ ದಿನ ಮಾತ್ರ. ಅಲ್ಲಿನ ಸದ್ದಿಗೆ ಮೂರು ದಿನ ಊಟ ಸೇರಿರಲಿಲ್ಲ.

ಇಂಥವರ ಬಾಯಿಂದ ಒಂದು ಸುಳ್ಳು ಹೊರಬಿತ್ತು. ಅದೂ ಧೈರ್ಯದಿಂದ ಹೇಳಿದ ಸುಳ್ಳಲ್ಲ, ಅಂಜಿ ಹೇಳಿದ್ದು.

ಅದು ಎರಡು ಸಾವಿರದ ಎಂಟನೇ ಇಸವಿಯ ಯುಗಾದಿ. ಕನ್ನಡ ಸಂಘದವರು ಊಟ ಇಟ್ಟುಕೊಂಡಿದ್ದರು. ಹೊಳಬಸಪ್ಪನವರ ಮಗಳು ನೀತಾಳನ್ನು ನೋಡಲು ಒಂದು ಮನೆತನದವರು ಅಲ್ಲಿಗೇ ಬಂದಿದ್ದರು. ಹುಡುಗನ ತಂದೆ ರಾಮಲಿಂಗಪ್ಪ ಬಿಜಾಪುರದ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ವ್ಯಾಪಾರಿ. ಆಳು ಎಷ್ಟು ದಪ್ಪವೋ ಮಾತು ಅಷ್ಟು ತೆಳ್ಳಗೆ. ಹಿಂದೊಮ್ಮೆ ತಮ್ಮ ದೊಡ್ಡ ಮಗಳಿಗೆ ಬಂದ ಸಂಬಂಧದಲ್ಲಿ ಹುಡುಗನ ಎತ್ತರವನ್ನು ಎರಡು ಬೆರಳು ಹೆಚ್ಚು ಮಾಡಿ ಹೇಳಿದ್ದಾರೆಂದು ತಿಳಿದು, ಎಲೆಯ ಮುಂದೆ ಕೂತವರು ಹಾಗೇ ಎದ್ದು ಕೈ ತೊಳೆದುಕೊಂಡು ಹೋಗಿದ್ದರಂತೆ. ಈ ಸಂಗತಿಯನ್ನು ಹೊಳಬಸಪ್ಪನವರಿಗೆ ಹೇಳಿದವರೆಲ್ಲ ಕೊನೆಗೆ ಅಂಜಬೇಡಿ ಎಂದೂ ಸೇರಿಸಿದ್ದರು.

ಪಂಕ್ತಿಯಲ್ಲಿ ರಾಮಲಿಂಗಪ್ಪ ಪಕ್ಕದಲ್ಲೇ ಕೂತರು. ಏನು ಕೆಲಸ ಎಂದು ಕೇಳಿದರು. ಚಲನ್ ಬರೆಯುತ್ತೇನೆ ಎಂಬ ಮಾತು ಹೊಳಬಸಪ್ಪನವರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕಣ್ಣು ನೋಡಿದೊಡನೆ ಅದು ಹಿಂದಕ್ಕೆ ಸರಿದು ಬೇರೆ ಮಾತು ಮುಂದೆ ಬಂತು.

"ಫ್ಯುಯೆಲ್ ಇಂಜೆಕ್ಷನ್ದಾಗ ಅದೀನ್ರಿ."

"ಅಂದ್ರ ಎಂಜಿನಿಯರ್ರು," ಎಂದರು ರಾಮಲಿಂಗಪ್ಪ.

ಆ ಹೊತ್ತಿಗೆ ಹೊಳಬಸಪ್ಪನವರ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಇಳಿಸಲು ತಲೆಯನ್ನು ಮೇಲೆ ಕೆಳಗೆ ಮಾಡಿದರು. ನೋಡಿದವರಿಗೆ ಅದು ಹೌದೆಂದಂತೆ ಕಂಡಿತು. ಎದುರು ಸಾಲಿನಲ್ಲಿ ಕೂತಿದ್ದ ಹೋಟೆಲಿನ ಮಹಾಲಿಂಗ ಶೆಟ್ಟರಿಗೂ ಹಾಗೇ ಕಂಡಿತು. ಹೋಳಿಗೆ ಹೊಟ್ಟೆ ಸೇರಿತು, ಸುಳ್ಳು ಊರು ಸೇರಿತು.

ಹುಡುಗಿ ಒಪ್ಪಿಗೆಯಾದಳು. ವೈಶಾಖದಲ್ಲಿ ನಿಶ್ಚಯ ಮಾಡುವುದೆಂದು ಮಾತಾಯಿತು. ಹೊಳಬಸಪ್ಪನವರು ನೆಮ್ಮದಿಯಾಗಿರಲು ಪ್ರಯತ್ನಿಸುತ್ತಿರುವಾಗ ಶೆಟ್ಟರ ಫೋನು ಬಂತು.

ಶೆಟ್ಟರು ಕುಂದಾಪುರದ ಕಡೆಯವರು. ಸ್ವಾರಗೇಟ್ ಬಸ್ ನಿಲ್ದಾಣದ ಹತ್ತಿರ ಅವರ ಹೋಟೆಲು. ಘಟ್ಟ ದಾಟಿ ಸಾತಾರಾ ರಸ್ತೆಯಲ್ಲಿ ಮಗಳ ಹೆಸರಿನಲ್ಲಿ 'ಪ್ರಣೀತಾ ಗಾರ್ಡನ್' ಎಂಬ ರೆಸಾರ್ಟು ಮಾಡಿದ್ದರು. ಬಂದವರು ಹುಲ್ಲಿನ ಮೇಲೆ ಉಪ್ಪಿಟ್ಟು ತಿಂದು, ಮಣ್ಣಿನ ದಾರಿಯಲ್ಲಿ ಗಾಡಿ ಓಡಿಸಿ ಸುಖಪಡಲಿ ಎಂದು.

"ನೀವೇ ದಿಕ್ಕು ಮಾರಾಯ್ರೇ," ಎಂದರು ಶೆಟ್ಟರು. "ನಮ್ಮ ನಿತಿನ ಒಂದು ಗಾಡಿ ತಂದು ಹಾಕಿದ್ದಾನೆ. ನಾಲ್ಕು ಚಕ್ರ ಉಂಟು, ಕಾರಲ್ಲ. ಬೈಕಿನ ಹ್ಯಾಂಡಲ್ ಉಂಟು, ಬೈಕೂ ಅಲ್ಲ. ಎಟಿವಿ ಅಂತೆ. ಈಗ ಅದಕ್ಕೆ ಕೆಮ್ಮು ಹಿಡಿದಿದೆ."

ನಿತಿನ ಶೆಟ್ಟರ ಅಕ್ಕನ ಮಗ. ಹಡಗಿನಲ್ಲಿ ನೌಕರಿ. ರಜೆಗೆ ಬಂದವನು ಮುಂಬಯಿಯಿಂದ ಆ ವಿದೇಶಿ ರೇಸಿನ ಗಾಡಿಯನ್ನು ತಂದಿದ್ದ. ತಂದವನು ಇದ್ದ ಹಾಗೆ ಬಿಡಲಿಲ್ಲ. ಅದರ ಸೈಲೆನ್ಸರು ಕಿತ್ತು, ಹೊಗೆ ಸಲೀಸಾಗಿ ಹೋಗುವ ಬೇರೆ ಸೈಲೆನ್ಸರು ಹಾಕಿದ. ಗಾಳಿ ಸೋಸುವ ಡಬ್ಬಿ ತೆಗೆದು, ಬರೀ ಬುರುಡೆಯಂಥ ತೆರೆದ ಫಿಲ್ಟರು ಕೂಡಿಸಿದ. ಆಮೇಲೆ ಗಾಡಿಯ ಕಂಪ್ಯೂಟರಿಗೆ ಹೆಚ್ಚು ಪೆಟ್ರೋಲು ಚಿಮ್ಮಿಸು ಎಂದು ಹೇಳುವ, ಮೂರು ಗುಂಡಿಗಳಿರುವ ಒಂದು ಪುಟ್ಟ ಪೆಟ್ಟಿಗೆಯನ್ನೂ ವೈರು ಎಳೆದು ಜೋಡಿಸಿದ. ಆ ಗುಂಡಿಗಳನ್ನು ಎಷ್ಟು ಒತ್ತಬೇಕೆಂದು ನೋಡುವಷ್ಟರಲ್ಲಿ ಅವನ ಹಡಗು ಹೊರಟಿತು. ಈಗ ಅವನು ಯಾವುದೋ ಸಮುದ್ರದ ನಡುವೆ ಇದ್ದ, ಗಾಡಿ ಸಾತಾರಾ ರಸ್ತೆಯಲ್ಲಿ ಢಂ ಢಂ ಎನ್ನುತ್ತಿತ್ತು. ಬಂದ ಮೆಕ್ಯಾನಿಕ್ಕುಗಳೆಲ್ಲ, ಇದು ಕಾರ್ಬೊರೇಟರ್ ಅಲ್ಲ, ಇಂಜೆಕ್ಷನ್ ಬಲ್ಲವರು ಬೇಕು ಎಂದು ಕೈ ಒರೆಸಿಕೊಂಡು ಹೋಗಿದ್ದರು.

ಹೊಳಬಸಪ್ಪನವರು, ತಮ್ಮದು ಡೀಸೆಲ್ಲು, ಅದು ಪೆಟ್ರೋಲು ಎಂದು ತಪ್ಪಿಸಿಕೊಳ್ಳಲು ನೋಡಿದರು. ಆಗ ಶೆಟ್ಟರು ಸಂತೋಷದಿಂದ ಇನ್ನೊಂದು ಸುದ್ದಿ ಹೇಳಿದರು. ನಿಶ್ಚಯದ ಕಾರ್ಯಕ್ಕೆ ಗಾರ್ಡನ್ನಿನ ಹುಲ್ಲುಹಾಸನ್ನು ರಾಮಲಿಂಗಪ್ಪನವರು ನಿನ್ನೆಯೇ ಹಿಡಿದಿದ್ದಾರೆ. ಮದುಮಗ ಬಸವಲಿಂಗನಿಗೆ ಅದೇ ಗಾಡಿಯ ಮೇಲೆ ಕೂತು ಮಂಟಪಕ್ಕೆ ಬರುವ ಆಸೆ. ಗಾಡಿ ಕೆಟ್ಟಿದೆ ಎಂದರೆ ಬೀಗರು, "ಹೊಳಬಸಪ್ಪನವರು ಇದ್ದಾರಲ್ರಿ" ಎಂದರಂತೆ.

ಫೋನು ಇಟ್ಟ ಮೇಲೆ ಹೊಳಬಸಪ್ಪನವರು ನೀರು ಕುಡಿದರು. ಲೋಟ ಹಲ್ಲಿಗೆ ಬಡಿದು ಕಟಕಟ ಸದ್ದಾಯಿತು. ಆ ಸದ್ದಿಗೂ ಒಮ್ಮೆ ಬೆಚ್ಚಿದರು.

ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಸುಬ್ಬಯ್ಯ ಎಂಬ ನಿಜವಾದ ಎಂಜಿನಿಯರ್ ಇದ್ದರು. ನೆಂಟರ ಗಾಡಿಯೆಂದು ಹೇಳಿ ಅವರನ್ನು ಕೇಳಿದ್ದಾಯಿತು. ಸುಬ್ಬಯ್ಯ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು, ಆದ್ದರಿಂದ ಉಪ್ಪಿಟ್ಟಿನ ಭಾಷೆಯಲ್ಲೇ ವಿವರಿಸಿದರು. ಗಾಳಿ ಅಂದರೆ ರವೆ, ಪೆಟ್ರೋಲು ಅಂದರೆ ನೀರು. ಹೊಸ ಫಿಲ್ಟರು, ಸೈಲೆನ್ಸರು ಹಾಕಿದ ಮೇಲೆ ರವೆ ಜಾಸ್ತಿಯಾಗಿದೆ, ನೀರು ಮೊದಲಿನಷ್ಟೇ ಇದೆ. ಒಣಗಿ ತಳ ಹಿಡಿಯುತ್ತದೆ, ಎಂಜಿನ್ನು ಕಾಯುತ್ತದೆ, ಪಟಪಟ ಸಿಡಿಯುತ್ತದೆ. ಹಾಗೆಂದು ನೀರು ಸುರಿದರೆ ಗಂಜಿಯಾಗಿ ಕಪ್ಪು ಹೊಗೆ ಬರುತ್ತದೆ. ಮೂರು ಗುಂಡಿ ನಿಧಾನ, ನಡು, ಜೋರು ಓಟಕ್ಕೆ ಒಂದೊಂದು. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಓಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಕಪ್ಪಗಿದ್ದರೆ ಹೆಚ್ಚು, ಹಾಲು ಹಾಕಿದ ಕಾಫಿಯ ಬಣ್ಣ ಬಂದರೆ ಸರಿ.

ಹೊಳಬಸಪ್ಪನವರು ಕೇಳಿದ್ದು ಒಂದೇ ಪ್ರಶ್ನೆ, ಅದು ಸ್ಫೋಟವಾಗುತ್ತದೆಯೇ ಎಂದು.

ಸಾಮಾನ್ಯವಾಗಿ ಇಲ್ಲ ಎಂದರು ಸುಬ್ಬಯ್ಯ. ಆ 'ಸಾಮಾನ್ಯವಾಗಿ' ಎಂಬ ಶಬ್ದ ವಾರವಿಡೀ ಹೊಳಬಸಪ್ಪನವರ ಜೊತೆ ಊಟಕ್ಕೆ ಕೂತಿತು, ಜೊತೆಗೇ ಮಲಗಿತು.

ಮನೆಯಲ್ಲಿ ಈ ಸುಳ್ಳಿನ ಸಂಗತಿ ಗೊತ್ತಿದ್ದದ್ದು ರೇಣುವಿಗೆ ಒಬ್ಬಳಿಗೇ. ತಾಯಿ ಬಸವಣ್ಣೆವ್ವನಿಗೆ ಕಿವಿ ಮಂದ. ಮಗ ನಾಲ್ಕು ಗಾಲಿಯದಕ್ಕೆ ಇಂಜೆಕ್ಷನ್ ಸರಿಮಾಡಲು ಹೋಗುತ್ತಾನೆ ಎಂಬುದು ಆಕೆಗೆ ನಾಲ್ಕು ಕಾಲಿನದಕ್ಕೆ ಇಂಜೆಕ್ಷನ್ ಮಾಡಲು ಹೋಗುತ್ತಾನೆ ಎಂದು ಕೇಳಿಸಿತು. ಆಕೆ ಅದನ್ನು ಮೆಟ್ಟಿಲ ಮೇಲೆ ಕೂತು, ತನಗೆ ಬರುವ ಮರಾಠಿಯಲ್ಲಿ, ಕಟ್ಟಡದ ಹೆಂಗಸರಿಗೆ ಹೆಮ್ಮೆಯಿಂದ ಹೇಳಿದಳು. ಸಂಜೆ ಕೆಳಮನೆಯ ಸುಲಭಾ ತನ್ನ ಪೊಮೆರೇನಿಯನ್ ನಾಯಿಯನ್ನು ಎತ್ತಿಕೊಂಡು ಬಂದಳು. ಅದಕ್ಕೆ ವರ್ಷದ ಸೂಜಿ ಬಾಕಿ ಇತ್ತು. ಕಾಕಾ, ಡಾಕ್ಟರ ಹತ್ತಿರ ಹೋದರೆ ಇದು ಕಚ್ಚುತ್ತದೆ, ಗುರುತಿನ ನೀವಾದರೆ ಸುಮ್ಮನಿರುತ್ತದೆ ಎಂದು ಹೇಳಿ, ನಾಯಿಯನ್ನು ಅವರ ಮಡಿಲಿಗೇ ಇಳಿಸಿಬಿಟ್ಟಳು.

ನಾಯಿ ಹೊಳಬಸಪ್ಪನವರನ್ನು ನೋಡಿ ನಡುಗಿತು. ಹೊಳಬಸಪ್ಪನವರು ನಾಯಿಯನ್ನು ನೋಡಿ ನಡುಗಿದರು. ಇಬ್ಬರೂ ಸೇರಿ ಸೋಫಾವನ್ನು ನಡುಗಿಸಿದರು. ತಾವು ಅಂಥ ಇಂಜೆಕ್ಷನ್ನಿನವರಲ್ಲ ಎಂದು ಅವರು ಬಿಡಿಸಿ ಬಿಡಿಸಿ ಹೇಳಿದ ಮೇಲೆ ಸುಲಭಾ ನಾಯಿಯನ್ನು ಎತ್ತಿಕೊಂಡಳಾದರೂ ಮುಖ ಸಣ್ಣದು ಮಾಡಿಕೊಂಡೇ ಹೋದಳು. ದೊಡ್ಡವರ ಕಡೆಯ ನಾಯಿಗಾದರೆ ಕೊಡುತ್ತಾರೆ, ನಮ್ಮದೆಂದರೆ ಆಗದು ಎಂದು ಆಮೇಲೆ ಕಟ್ಟಡದಲ್ಲಿ ಮಾತಾಯಿತಂತೆ.

ಭಾನುವಾರ ಬೆಳಿಗ್ಗೆ ಶೆಟ್ಟರ ಕಾರು ಬಂದು ಅವರನ್ನು ಗಾರ್ಡನ್ನಿಗೆ ಕರೆದೊಯ್ದಿತು. ಅಲ್ಲಿಯ ಕಾವಲುಗಾರ ಅವ್ವಣ್ಣ, ಇಂಡಿ ತಾಲ್ಲೂಕಿನವನು, ಮೀಸೆಯ ಗಟ್ಟಿ ಆಳು, ಗಾಡಿಯನ್ನು ಶೆಡ್ಡಿನಿಂದ ತಳ್ಳಿ ತಂದ. ಹೊಳಬಸಪ್ಪನವರು ಅದನ್ನು ದೂರದಿಂದ ಒಂದು ಸುತ್ತು ಹಾಕಿ ನೋಡಿದರು. ಕೆಂಪು ಬಣ್ಣ. ನಾಲ್ಕೂ ಗಾಲಿ ಹೊರಗೆ ಚಾಚಿಕೊಂಡು, ಮುಂದೆ ಎರಡು ಓರೆ ದೀಪ, ನೆಲಕ್ಕೆ ಹೊಟ್ಟೆ ತಾಗಿಸಿ ಹಾರಲು ಕೂತ ಕಪ್ಪೆಯ ಹಾಗೆ ಇತ್ತು. ಎಂಜಿನಿಯರರು ಮುಟ್ಟದೆಯೇ ಪರೀಕ್ಷೆ ಮಾಡುವುದನ್ನು ಕಂಡು ಶೆಟ್ಟರಿಗೆ ಗೌರವ ಹೆಚ್ಚಿತು.

ಅವ್ವಣ್ಣ ಸ್ಟಾರ್ಟು ಮಾಡಿದ. ಗಾಡಿ ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಆಮೇಲೆ ಢಮ್ಮೆಂದಿತು. ಹೊಳಬಸಪ್ಪನವರು ಶೆಟ್ಟರ ಬೆನ್ನ ಹಿಂದೆ ಇದ್ದರು. ಯಾವಾಗ ಹೋದರೆಂದು ಶೆಟ್ಟರಿಗೂ ತಿಳಿಯಲಿಲ್ಲ.

ಬೇಗ ಮುಗಿಸಿ ಮನೆಗೆ ಹೋಗಬೇಕೆಂಬ ಆತುರಕ್ಕೆ ಅವರು ಸುಬ್ಬಯ್ಯನವರ ಸ್ವಲ್ಪ ಸ್ವಲ್ಪ ಎಂಬ ಮಾತನ್ನು ಮರೆತರು. ಕಣ್ಣು ಮುಚ್ಚಿಕೊಂಡು, ಕೈ ಉದ್ದ ಮಾಡಿ, ಮೂರೂ ಗುಂಡಿಗಳನ್ನು ಬಾಗಿಲ ಬೆಲ್ಲು ಒತ್ತಿದಂತೆ ಒತ್ತೇ ಒತ್ತಿದರು. ಗಾಡಿ ಕೆಮ್ಮುವುದನ್ನು ನಿಲ್ಲಿಸಿತು. ಅದರ ದನಿ ದಪ್ಪವಾಯಿತು. ಶೆಟ್ಟರು ಶಹಬ್ಬಾಸ್ ಎಂದು ಅವರ ಬೆನ್ನು ತಟ್ಟುವುದಕ್ಕೂ, ಅವ್ವಣ್ಣ ಜೋರಾಗಿ ಆಕ್ಸಿಲರೇಟರ್ ಒತ್ತಿ ಬಿಡುವುದಕ್ಕೂ ಸರಿಹೋಯಿತು. ಸೈಲೆನ್ಸರಿನಿಂದ ಕಾಡಿಗೆಯಂಥ ಹೊಗೆ ಬಂತು. ಅದರ ಹಿಂದೆ ಮೊಳದುದ್ದದ ಬೆಂಕಿಯ ನಾಲಿಗೆ ಬಂತು. ಹಿಂದೆಯೇ ಬಂದ ಸದ್ದಿಗೆ ಉಪ್ಪಿಟ್ಟು ತಿನ್ನುತ್ತಿದ್ದ ಮುಂಬಯಿಯ ಕುಟುಂಬವೊಂದು ತಟ್ಟೆಗಳ ಸಮೇತ ಮೇಜಿನ ಕೆಳಗೆ ಹೋಯಿತು. ಸ್ವಾಗತ ಎಂದು ಬರೆದು ಕಟ್ಟಿದ್ದ ಬಟ್ಟೆಯಲ್ಲಿ 'ತ' ಸುಟ್ಟುಹೋಗಿ 'ಸ್ವಾಗ' ಮಾತ್ರ ಉಳಿಯಿತು.

ಬೆಂಕಿ ಆರಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ಹೆದ್ದಾರಿಯ ಚೌಕಿಯಿಂದ ಹವಾಲ್ದಾರ ಬಂದ. ಗುಂಡು ಹಾರಿದ ಸದ್ದು ಕೇಳಿತಂತೆ. ಯಾರ ಬಳಿ ಬಂದೂಕು ಇದೆ ಎಂದು ಲಾಠಿಯನ್ನು ಅಂಗೈಗೆ ಬಡಿದುಕೊಳ್ಳುತ್ತ ಕೇಳಿದ. ಅವನು ಕೇಳುವ ಮುಂಚೆಯೇ ಹೊಳಬಸಪ್ಪನವರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಹವಾಲ್ದಾರನಿಗೆ ಅವರ ಮೇಲೆಯೇ ಅನುಮಾನ ಬಂತು. ಆಗ ಶೆಟ್ಟರು ನಡುವೆ ಬಂದು, ಇವರು ಪುಣೆಯ ದೊಡ್ಡ ಇಂಜೆಕ್ಷನ್ ಎಂಜಿನಿಯರ್ ಸಾಹೇಬರು, ಇದು ಅವರ ಪರೀಕ್ಷೆ ಎಂದು ಮರಾಠಿಯಲ್ಲಿ ಹೇಳಿದರು. ಹವಾಲ್ದಾರ ಲಾಠಿ ಕಂಕುಳಿಗೆ ಸಿಕ್ಕಿಸಿ ಸಲಾಮು ಹೊಡೆದ. ತನ್ನ ಮೋಟರ್ ಸೈಕಲ್ಲು ಘಟ್ಟ ಹತ್ತುವಾಗ ಎಳೆಯುವುದಿಲ್ಲ, ಕಾರಣವೇನಿರಬಹುದು ಎಂದು ವಿನಯದಿಂದ ಕೇಳಿದ.

ಹೊಳಬಸಪ್ಪನವರು ಇನ್ನೂ ಕೈ ಇಳಿಸಿರಲಿಲ್ಲ. ಎರಡೂ ಅಂಗೈ ಗಾಳಿಯಲ್ಲಿ ತೆರೆದೇ ಇದ್ದವು. ಹವಾಲ್ದಾರ ಅದನ್ನೇ ಉತ್ತರವೆಂದು ತಿಳಿದು, "ಹವಾ ಕಮ್ಮಿ," ಎಂದು ತನಗೆ ತಾನೇ ಹೇಳಿಕೊಂಡು, ಟಯರಿಗೆ ಗಾಳಿ ಹಾಕಿಸಲು ಹೊರಟುಹೋದ. ಮರುದಿನ ಅವನ ಗಾಡಿ ಘಟ್ಟವನ್ನು ಸರಾಗವಾಗಿ ಹತ್ತಿತು. ಆ ಸುದ್ದಿ ರಾಮಲಿಂಗಪ್ಪನವರ ತನಕ ಹೋಯಿತು.

ಇನ್ನು ತಡೆಯಲಾರೆ, ಬೀಗರ ಕಾಲು ಹಿಡಿದು ನಿಜ ಹೇಳಿಬಿಡುತ್ತೇನೆ ಎಂದು ಹೊಳಬಸಪ್ಪನವರು ಮಾರ್ಕೆಟ್ ಯಾರ್ಡಿಗೆ ಹೋದರು. ದಾರಿಯಲ್ಲಿ ಮಾತನ್ನು ಬಾಯಿಪಾಠ ಮಾಡಿದ್ದರು. 'ನಾನು ಎಂಜಿನಿಯರ್ ಅಲ್ಲರಿ, ಚಲನ್ ಬರೆಯುವವನು, ಮಗಳ ಮುಖ ನೋಡಿ ಕ್ಷಮಿಸಿರಿ.' ರಾಮಲಿಂಗಪ್ಪನವರ ಅಂಗಡಿಯಲ್ಲಿ ಆ ಹೊತ್ತಿಗೇ ಮೆಣಸಿನಕಾಯಿ ಚೀಲಗಳನ್ನು ಬಿಚ್ಚಿ ರಾಶಿ ಸುರಿಯುತ್ತಿದ್ದರು. ಕೆಂಪು ಘಾಟು ಚಾವಣಿ ಮುಟ್ಟಿತ್ತು. ಹುಟ್ಟಿದಂದಿನಿಂದ ಅದನ್ನೇ ಉಸಿರಾಡಿದ ರಾಮಲಿಂಗಪ್ಪ ಗಾದಿಯ ಮೇಲೆ ಹೂದೋಟದಲ್ಲಿ ಕೂತಂತೆ ಕೂತಿದ್ದರು. ಹೊಳಬಸಪ್ಪನವರು "ನಾನು" ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. "ಮಗಳ ಮುಖ" ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ನಡುವಿನ ಮಾತೆಲ್ಲ ಕೆಮ್ಮಿನಲ್ಲಿ ಕೊಚ್ಚಿಹೋಯಿತು.

ರಾಮಲಿಂಗಪ್ಪನವರು ಗಾದಿಯಿಂದ ಎದ್ದು ಬಂದು ಅವರ ಭುಜದ ಮೇಲೆ ಕೈ ಇಟ್ಟರು. ಆ ಕೈ ಅರ್ಧ ಚೀಲ ಮೆಣಸಿನಕಾಯಿಯ ತೂಕವಿತ್ತು.

"ಹೆಣ್ಣು ಹೆತ್ತವರ ಸಂಕಟ ನನಗ ಗೊತ್ತದ್ರಿ," ಎಂದರು. "ಇಷ್ಟು ಮಂದಿ ಬೀಗರನ್ನ ನೋಡೀನಿ. ನಿಮ್ಮಂಗ ಮನಸಿನ್ಯಾಗಿದ್ದದ್ದು ಮಾರಿ ಮ್ಯಾಲೆ ತೋರಸವ್ರನ್ನ ನೋಡಿಲ್ಲ. ಸುಳ್ಳು ಅನ್ನೋದು ನಿಮ್ಮ ಹತ್ರ ಸುಳಿಯೂದುಲ್ಲ."

ಹೊಳಬಸಪ್ಪನವರು ಇನ್ನೂ ಜೋರಾಗಿ ಅತ್ತರು. ಈ ಸಲದ್ದು ಮೆಣಸಿನಕಾಯಿಯದ್ದಲ್ಲ.

ಮನೆಗೆ ಬಂದು, ಮದುವೆ ಮುರಿದರೆ ನೀತಾಳ ಗತಿಯೇನು ಎಂದು ತಲೆ ಹಿಡಿದುಕೊಂಡು ಕೂತರು. ನೀತಾ ಹೊಸ ಸೀರೆಯ ಸೆರಗಿಗೆ ಗೊಂಡೆ ಕಟ್ಟುತ್ತ ಒಳಕೋಣೆಯಲ್ಲಿ ಗುನುಗುತ್ತಿದ್ದಳು. ಬಸವಲಿಂಗ ಆಕೆಗೆ ಒಪ್ಪಿಗೆಯಾಗಿದ್ದ. ಆ ಗುನುಗು ತಂದೆಯ ಎದೆಗೆ ಗಾಡಿಯ ಢಮ್ಮಿಗಿಂತ ಜೋರಾಗಿ ಬಡಿಯಿತು. ರೇಣು ಎಲ್ಲ ಕೇಳಿಸಿಕೊಂಡು, ಒಲೆ ಸಣ್ಣ ಮಾಡಿ ಬಂದು ಎದುರಿಗೆ ಕೂತಳು.

"ಮುಂದಿನ ಐತವಾರ ನಾನೂ ಬರ್ತೀನಿ," ಎಂದಳು. "ಗುಂಡಿ ನಾ ಒತ್ತತೀನಿ. ನೀವು ದೂರ ನಿಂತು ಎಷ್ಟು ಅಂಜಿಕಿ ಆಗತದ ಅಷ್ಟ ಹೇಳ್ರಿ. ಅದು ನಿಮಗ ಬರೂದದ ಅಲ್ಲ?"

ಇಡೀ ಕಥೆಯಲ್ಲಿ ಬುದ್ಧಿಯ ಮಾತು ಎಂದು ಯಾವುದಾದರೂ ಇದ್ದರೆ ಅದು ಇದೇ. ಆದರೆ ಹೊಳಬಸಪ್ಪನವರಿಗೆ ಆಗ ಅದು ಚೇಷ್ಟೆಯಾಗಿ ಕಂಡಿತು.

ನಿಶ್ಚಯಕ್ಕೆ ಮುಂಚಿನ ಭಾನುವಾರ ಮೂವರೂ ಕೆಲಸಕ್ಕೆ ನಿಂತರು. ಅವ್ವಣ್ಣ ಗಾಡಿಯ ಮೇಲೆ, ರೇಣು ಸೆರಗು ಸಿಕ್ಕಿಸಿ ಗುಂಡಿಯ ಪೆಟ್ಟಿಗೆಯ ಹತ್ತಿರ, ಹೊಳಬಸಪ್ಪನವರು ಐವತ್ತು ಹೆಜ್ಜೆ ಆಚೆ ನೀರಿನ ಟಾಕಿಯ ಹಿಂದೆ. ಮೊದಲು ರೇಣು ಎಲ್ಲ ಗುಂಡಿಗಳನ್ನೂ ಇಳಿಸಿ ಸೊನ್ನೆಗೆ ತಂದಳು. ಗಾಡಿ ಹಳೆಯ ಹಾಗೆ ಸಿಡಿಯಿತು. ಎದಿಯಾಗ ಬಂತು ಎಂದು ಟಾಕಿಯ ಹಿಂದಿನಿಂದ ಕೂಗು ಬಂತು. ಆಕೆ ಮೊದಲನೆಯ ಗುಂಡಿ ಒಂದು ಸಲ ಒತ್ತಿದಳು. ಇನ್ನೂ ಎದಿಯಾಗ. ಮತ್ತೊಂದು. ಗಂಟಲಾಗ. ಮತ್ತೊಂದು. ಈಗ ಹೊಟ್ಟಿಯಾಗ ಬಂತು ಎಂದು ಕೂಗಿದರು. ನೋಡಿದರೆ ತೆಳ್ಳಗೆ ಕಪ್ಪು ಹೊಗೆ ಬರತೊಡಗಿತ್ತು. ಆಕೆ ಒಂದು ಹಿಂದೆ ತಂದಳು.

ಹೀಗೆ ತಿಳಿದದ್ದೇನೆಂದರೆ, ಪೆಟ್ರೋಲು ಕಡಿಮೆಯಾದಾಗಿನ ಒಣ ಸಿಡಿತಕ್ಕೆ ಹೊಳಬಸಪ್ಪನವರ ಎದೆ ಹಾರುತ್ತಿತ್ತು. ಹೆಚ್ಚಾದಾಗಿನ ಮಂದ ಗುಡುಗಿಗೆ ಹೊಟ್ಟೆ ತೊಳಸುತ್ತಿತ್ತು. ಬೇರೆಯವರಿಗೆ ಎಲ್ಲವೂ ಒಂದೇ ಗದ್ದಲವಾಗಿ ಕೇಳುವಲ್ಲಿ ಇವರಿಗೆ ಪ್ರತಿಯೊಂದು ಸದ್ದೂ ತನ್ನದೇ ಆದ ಜಾಗದಲ್ಲಿ ನೋಯುತ್ತಿತ್ತು. ಇಷ್ಟು ವರ್ಷ ಅಂಜಿ ಅಂಜಿ ಅವರು ಕಿವಿಯನ್ನು ಅಷ್ಟು ಚೂಪಾಗಿ ಮಸೆದಿಟ್ಟಿದ್ದರು. ರೇಣು ಒಂದು ಒತ್ತಿದರೆ ಅವರು ಒಂದು ಹೇಳುವರು. ಅವ್ವಣ್ಣ ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಒಂದು ಸುತ್ತು, ಜೋರಾಗಿ ಒಂದು ಸುತ್ತು ಹಾಕಿ ಬರುವನು. ನಡುವೆ ಗಾಡಿ ತಣಿಯಲು ಬಿಟ್ಟು ಪ್ಲಗ್ ಬಿಚ್ಚುವನು. ಮೊದಲು ಅದು ಸುಣ್ಣದಂತೆ ಬೆಳ್ಳಗಿತ್ತು. ಆಮೇಲೆ ಬೂದಿಯ ಬಣ್ಣ. ಒಮ್ಮೆ ತಪ್ಪಿ ಮಸಿಯಾಗಿ, ಒರೆಸಿ, ಮತ್ತೆ ಹಿಂದಕ್ಕೆ ಬಂದದ್ದಾಯಿತು. ಬಿಸಿಲು ಏರಿತು. ಶೆಟ್ಟರು ಮಜ್ಜಿಗೆ ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ರೇಣು ಗಂಡನ ಕೂಗಿಗೆ ಕಾದು ನಿಂತಳು. ಕೂಗು ಬರಲಿಲ್ಲ. ತಿರುಗಿ ನೋಡಿದರೆ ಟಾಕಿಯ ಹಿಂದೆ ಯಾರೂ ಇಲ್ಲ. ಹೊಳಬಸಪ್ಪನವರು ಅವಳ ಪಕ್ಕದಲ್ಲೇ, ಓಡುತ್ತಿರುವ ಎಂಜಿನ್ನಿನ ಹತ್ತಿರ, ಸೀಟಿನ ಮೇಲೆ ಕೈ ಇಟ್ಟು ನಿಂತಿದ್ದರು. ಯಾವಾಗ ನಡೆದು ಬಂದರೆಂದು ಅವರಿಗೇ ಗೊತ್ತಿರಲಿಲ್ಲ. ಗಾಡಿ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು.

ಪ್ಲಗ್ ಬಿಚ್ಚಿ ಶೆಟ್ಟರಿಗೆ ತೋರಿಸಿದರು. ಶೆಟ್ಟರು ಅದನ್ನು ಬೆಳಕಿಗೆ ಹಿಡಿದು, ಜೀವಮಾನವಿಡೀ ಕಾಫಿ ಮಾರಿದ ಮನುಷ್ಯನ ಅಧಿಕಾರದಿಂದ, ಇದು ಸರಿಯಾದ ಹಾಲಿನ ಕಾಫಿ ಎಂದು ತೀರ್ಪು ಕೊಟ್ಟರು.

ನಿಶ್ಚಯದ ದಿನ ಹುಲ್ಲುಹಾಸಿನ ತುಂಬ ಜನ. ಬಸವಲಿಂಗ ಬಿಳಿ ಜುಬ್ಬಾ ತೊಟ್ಟು ಗಾಡಿಯ ಮೇಲೆ ಬಂದ. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಮಂಟಪದ ಮುಂದೆ ಹೂವಿಳಿದಂತೆ ಇಳಿದ. ನೀತಾ ತಲೆ ತಗ್ಗಿಸಿಯೇ ನಕ್ಕಳು. ಉಂಗುರ ಹಾಕಿದರು, ಉಡಿ ತುಂಬಿದರು, ಸಕ್ಕರೆ ಹಂಚಿದರು. ಎಲ್ಲ ಸುಖವಾಗಿ ಮುಗಿಯಿತು ಎಂದು ಹೊಳಬಸಪ್ಪನವರು ಕುರ್ಚಿಗೆ ಒರಗುವ ಹೊತ್ತಿಗೆ ಶೆಟ್ಟರು ಎದ್ದು ನಿಂತರು. ಗಾಡಿಯನ್ನು ಬದುಕಿಸಿದ ನಮ್ಮ ಎಂಜಿನಿಯರ್ ಸಾಹೇಬರು ಈಗ ಬೀಗರನ್ನು ಹಿಂದೆ ಕೂಡಿಸಿಕೊಂಡು ಒಂದು ಸುತ್ತು ಹಾಕಬೇಕು ಎಂದು ಮೈಕಿನಲ್ಲಿ ಹೇಳಿದರು.

ಜನ ಚಪ್ಪಾಳೆ ತಟ್ಟಿದರು. ರಾಮಲಿಂಗಪ್ಪನವರು ಗಾಡಿಯ ಗಾಲಿಗಳನ್ನೊಮ್ಮೆ ನೋಡಿ, ಆಮೇಲೆ ತಲೆಗೆ ಸುತ್ತಿದ್ದ ಪಟಗಾ ಸರಿಪಡಿಸಿಕೊಂಡು ಎದ್ದರು. ಬೀಗರೇ ಎದ್ದ ಮೇಲೆ ಹೊಳಬಸಪ್ಪನವರು ಕೂರುವುದು ಹೇಗೆ? ಅವರಿಗೆ ಸೈಕಲ್ಲೂ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಒಬ್ಬರಿಗಾಗಿ ಮಾಡಿದ ಆ ಸೀಟಿನ ಮೇಲೆ ಇಬ್ಬರು ಬೀಗರನ್ನು ಅವ್ವಣ್ಣ ಹೇಗೋ ಹೊಂದಿಸಿ ಕೂಡಿಸಿದ. ತಾನೇ ಕ್ಲಚ್ಚು ಹಿಡಿದು, ಮೊದಲ ಗೇರಿಗೆ ಹಾಕಿ, ಮೆಲ್ಲಗೆ ಬಿಡುತ್ತ ನಾಲ್ಕು ಹೆಜ್ಜೆ ಜೊತೆಗೆ ನಡೆದು, ಇನ್ನು ಸಾಹೇಬರ ಕೈಯಲ್ಲಿದೆ ಎಂದು ಭಕ್ತಿಯಿಂದ ಹಿಂದೆ ಸರಿದ.

ಸಾಹೇಬರ ಕೈಯಲ್ಲಿ ಹ್ಯಾಂಡಲ್ ಬಿಟ್ಟರೆ ಏನೂ ಇರಲಿಲ್ಲ. ಆಕ್ಸಿಲರೇಟರ್ ಅವರು ಮುಟ್ಟಲಿಲ್ಲ, ಬ್ರೇಕು ಎಲ್ಲಿದೆ ಗೊತ್ತಿರಲಿಲ್ಲ. ಮೊದಲಿನ ಗಾಡಿಯಾಗಿದ್ದರೆ ತಾನೇ ಕೆಮ್ಮಿ ನಿಂತುಬಿಡುತ್ತಿತ್ತು. ಈಗಿನದು ಅವರೇ ಸರಿಮಾಡಿದ್ದು. ಯಾರೂ ಕೇಳದಿದ್ದರೂ, ಎತ್ತಿನ ಗಾಡಿಯ ಹದದಲ್ಲಿ, ನಿಲ್ಲದೆ ಹೋಗುತ್ತಲೇ ಇತ್ತು. ಹುಲ್ಲುಹಾಸಿನ ಮೊದಲ ತಿರುವು ಬಂತು. ಪ್ರಾಣ ಹೋಗುವುದೇ ಖರೆ ಎನಿಸಿದಾಗ, ಹೋಗುವ ಮುಂಚೆ ಪಾಪ ಕಳೆದುಕೊಳ್ಳಬೇಕೆಂದು ಹೊಳಬಸಪ್ಪನವರಿಗೆ ತೋಚಿತು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು ಎಂಬ ಧೈರ್ಯದಿಂದ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

"ಶಿವನ, ನಾ ಎಂಜಿನಿಯರ್ ಅಲ್ಲ. ಚಲನ್ ಬರಿಯಾವ. ಬೀಗರಿಗೆ ಅಂಜಿ ಸುಳ್ಳು ಹೇಳೀನಿ. ಈ ಗಾಡಿ ಹೊಡ್ಯಾಕೂ ನನಗ ಬರೂದುಲ್ಲ."

ಸೈಲೆನ್ಸರು ಹಳೆಯ ಹಾಗೆ ಸಿಡಿಯುತ್ತಿದ್ದರೆ ಈ ಮಾತು ಶಿವನೊಬ್ಬನಿಗೇ ಮುಟ್ಟುತ್ತಿತ್ತು. ಆದರೆ ಎಂಜಿನ್ನು ಅವರ ಕೈಗುಣದಿಂದ ಎಷ್ಟು ಮೆತ್ತಗೆ ಗುರುಗುಟ್ಟುತ್ತಿತ್ತೆಂದರೆ, ಅವರ ಬೆನ್ನಿಗೆ ಅಂಟಿ ಕೂತಿದ್ದ ರಾಮಲಿಂಗಪ್ಪನವರಿಗೆ ಒಂದೊಂದು ಅಕ್ಷರವೂ ಬಿಡದೆ ಕೇಳಿಸಿತು.

ತಮ್ಮ ದನಿ ತಮಗೇ ಸ್ಪಷ್ಟವಾಗಿ ಕೇಳಿದ ಮೇಲೆ ಹೊಳಬಸಪ್ಪನವರಿಗೂ ಅದು ಹೊಳೆಯಿತು. ಎರಡನೆಯ ತಿರುವೂ ಕಳೆಯಿತು. ಬೀಗರು ಹಿಂದೊಮ್ಮೆ ಎಲೆಯ ಮುಂದಿನಿಂದ ಎದ್ದು ಹೋದದ್ದನ್ನು ನೆನೆದರು. ಬೆನ್ನಿನ ಹಿಂದೆ ಏನೋ ಅದುರುತ್ತಿದೆ ಎನಿಸಿತು. ಸಿಟ್ಟೇ ಇರಬೇಕು ಎಂದುಕೊಂಡರು. ಅಷ್ಟರಲ್ಲಿ ಅವರ ಸೊಂಟವನ್ನು ಎರಡು ಭಾರಿ ಕೈಗಳು ಬಿಗಿಯಾಗಿ ತಬ್ಬಿಕೊಂಡವು.

"ಬೀಗರ," ಎಂದು ರಾಮಲಿಂಗಪ್ಪನವರ ಪಿಸುದನಿ ಕಿವಿಯಲ್ಲಿ ಬಂತು. ಆ ದನಿ ಹುಲ್ಲಿನಷ್ಟು ಬಡವಾಗಿತ್ತು. "ಅದನ್ನೆಲ್ಲ ಆಮ್ಯಾಲೆ ಮಾತಾಡೂಣು. ನನಗೂ ಗಾಲಿ ಇದ್ದದ್ದು ಅಂದ್ರ ಭಾಳ ಅಂಜಿಕಿ. ಮಂದಿ ನೋಡ್ತಾರಂತ ಏರೀನಿ. ಕೈ ಮಾತ್ರ ಬಿಡಬ್ಯಾಡ್ರಿ."

ಹೊಳಬಸಪ್ಪನವರಿಗೆ ಆಗ ಆದದ್ದನ್ನು ಧೈರ್ಯ ಎಂದು ಕರೆಯಲು ಬರುವುದಿಲ್ಲ. ಆದರೆ ತನಗಿಂತ ಹೆಚ್ಚು ನಡುಗುವವನೊಬ್ಬ ಬೆನ್ನಿಗಿದ್ದರೆ ಮನುಷ್ಯ ತಾನೇ ತಾನಾಗಿ ನೆಟ್ಟಗೆ ಕೂರುತ್ತಾನೆ. ಅವರು ನೆಟ್ಟಗೆ ಕೂತರು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದರು. ಅಂಜಬ್ಯಾಡ್ರಿ ಎಂದು ಬೀಗರಿಗೆ ಹೇಳಿದರು. ಆ ಶಬ್ದವನ್ನು ಅವರು ಇನ್ನೊಬ್ಬರಿಗೆ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಗಾಡಿ ಮೂರನೆಯ ತಿರುವು ತಿರುಗಿ ಮಂಟಪದ ಕಡೆಗೆ ಹೊರಳಿತು. ಆರತಿ ತಟ್ಟೆ ಹಿಡಿದ ಹೆಂಗಸರು ಅದರ ಪಕ್ಕದಲ್ಲೇ ನಡೆದು ಬಂದು, ದಾಟಿ, ಮುಂದೆ ಹೋದರು. ಬಸವಣ್ಣೆವ್ವ ಕೋಲೂರುತ್ತ ಸರಿಸಮಕ್ಕೆ ಬಂದು, ತಬ್ಬಿಕೊಂಡು ಕೂತ ಇಬ್ಬರು ಬೀಗರನ್ನೂ ಕಣ್ಣು ತುಂಬ ನೋಡಿ, ಎಂಥ ಪ್ರೀತಿ ನೋಡ್ರೆವ್ವಾ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವರನ್ನು ಹಿಂದೆ ಹಾಕಿ ಊಟದ ಪಂಕ್ತಿಗೆ ಹೋದಳು.